ಒಂದೇ ಬಣ್ಣ, ಎರಡು ಮುಖ: ಎಲ್‌ಡಿಇಎಫ್ ಪುರಾವೆಯ ಮರುಪರಿಶೀಲನೆ

ಭೂಕಕ್ಷೆಯಲ್ಲಿ ವಸ್ತುಗಳು ಕೆಡುವ ಬಗೆಯನ್ನು ಚರ್ಚಿಸುವಾಗ ನಿರ್ವಾತ, ಅತಿನೇರಳೆ ಕಿರಣ, ಪರಮಾಣು ಆಮ್ಲಜನಕ, ಉಷ್ಣದ ಏರಿಳಿತ ಎಂದು ಕಾರಣಗಳನ್ನು ಬಿಡಿಬಿಡಿಯಾಗಿ ಹೇಳುವುದು ರೂಢಿ. ಈ ಬಿಡಿ ಲೆಕ್ಕ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ಈ ಲೇಖನದ ವಾದ. ಅದಕ್ಕೆ ಆಧಾರ, ವಸ್ತುಗಳನ್ನು ದೀರ್ಘಕಾಲ ಬಾಹ್ಯಾಕಾಶಕ್ಕೆ ಒಡ್ಡಿ ಪರೀಕ್ಷಿಸಲು ನಾಸಾ ಕಳಿಸಿದ ಎಲ್‌ಡಿಇಎಫ್ ನೌಕೆ.

1984ರ ಏಪ್ರಿಲ್‌ನಲ್ಲಿ ಕಕ್ಷೆಗೇರಿದ ಈ ನೌಕೆ ಸುಮಾರು ಒಂದು ವರ್ಷದಲ್ಲಿ ಮರಳಬೇಕಿತ್ತು. ಕಾರ್ಯಕ್ರಮ ಮುಂದೂಡಿಕೆಯಾಯಿತು, ಬಳಿಕ 1986ರ ಚಾಲೆಂಜರ್ ಷಟಲ್ ದುರಂತದಿಂದ ಇನ್ನಷ್ಟು ತಡವಾಯಿತು. ನೌಕೆಯನ್ನು ಕೆಳಗಿಳಿಸಿದ್ದು 1990ರ ಜನವರಿಯಲ್ಲಿ. ಅದರ ಹನ್ನೆರಡು ಮಗ್ಗುಲುಗಳಲ್ಲಿ ಒಂದು ಸದಾ ಚಲನೆಯ ದಿಕ್ಕಿಗೆ, ಎದುರಿನದು ಸದಾ ಹಿಂದಕ್ಕೆ ಮುಖಮಾಡಿತ್ತು. ಒಂದೇ ವಸ್ತುವಿನ ಎರಡು ಬದುಕನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗದು.

ನೌಕೆ ಸುತ್ತುತ್ತಿದ್ದ ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಆಮ್ಲಜನಕದ ಅಣುವನ್ನು ಒಡೆಯುತ್ತವೆ. ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದ ನೌಕೆ ಆ ಬಿಡಿ ಪರಮಾಣುಗಳಿಗೆ ಡಿಕ್ಕಿ ಹೊಡೆದಾಗ ಸುಮಾರು 5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಒದಗುತ್ತದೆ. ಪಾಲಿಮರುಗಳ ಕಾರ್ಬನ್ ಬಂಧ ಮುರಿಯಲು ಅಷ್ಟು ಸಾಕು. ಮುಂಬದಿಯ ಪ್ರತಿ ಚದರ ಸೆಂ.ಮೀ.ಗೆ ಸುಮಾರು 9×10²¹ ಪರಮಾಣುಗಳು ಬಡಿದಿದ್ದವು. ಒಂದೊಂದು ಪರಮಾಣು ಕ್ಯಾಪ್ಟಾನ್ ಎಂಬ ಪಾಲಿಮರಿನ 3×10⁻²⁴ ಘನ ಸೆಂ.ಮೀ. ಕಬಳಿಸುತ್ತದೆಂದರೆ ಸವೆತ ಕಾಲು ಮಿಲಿಮೀಟರಿಗೂ ಹೆಚ್ಚು. ತೆಳು ಹಾಳೆಗಳು ಪೂರ್ತಿ ಕಣ್ಮರೆಯಾದದ್ದರಲ್ಲಿ ಅಚ್ಚರಿಯಿಲ್ಲ.

ಅಚ್ಚರಿ ಇರುವುದು ಎ276 ಎಂಬ ಬಿಳಿ ಪಾಲಿಯುರೆಥೇನ್ ಬಣ್ಣದಲ್ಲಿ. ಆಮ್ಲಜನಕ ತಟ್ಟದ ಹಿಂಬದಿಯಲ್ಲಿ ಅದು ಕಂದಾಗಿ, ಬಿಸಿಲು ಹೀರುವ ಪ್ರಮಾಣ ಸರಿಸುಮಾರು ದುಪ್ಪಟ್ಟಾಗಿತ್ತು. ಮುಂಬದಿಯಲ್ಲಿ ಬೆಳ್ಳಗೇ ಇತ್ತು! ಅತಿನೇರಳೆ ಕಿರಣ ಕಪ್ಪಾಗಿಸಿದ, ವರ್ಣಕವನ್ನು ಹಿಡಿದಿಡುವ ಬೈಂಡರನ್ನು ಆಮ್ಲಜನಕ ತಿಂದು ತೆಗೆದು, ಬಿಳಿ ವರ್ಣಕವನ್ನಷ್ಟೇ ಸುಣ್ಣದ ಪುಡಿಯಂತೆ ಉಳಿಸಿತ್ತು. ಟೆಫ್ಲಾನ್ ಹೊದಿಕೆಗಳದೂ ಇದೇ ಕಥೆ: ಹಿಂಬದಿಯವು ದಪ್ಪ ಉಳಿಸಿಕೊಂಡು ಹಿಗ್ಗುವ ಗುಣ ಕಳೆದುಕೊಂಡವು, ಮುಂಬದಿಯವು ತೆಳುವಾದರೂ, ಕೆಟ್ಟ ಪದರ ಸವೆದುಹೋದದ್ದರಿಂದ, ಕಸುವು ಉಳಿಸಿಕೊಂಡವು.

ಅತಿನೇರಳೆ ದೀಪದಡಿ ಮಾತ್ರ ಪರೀಕ್ಷಿಸಿದವರು ಈ ಬಣ್ಣ ಎರಡೂ ಬದಿಗೆ ಅಯೋಗ್ಯವೆನ್ನುತ್ತಿದ್ದರು. ಬಿಳುಪನ್ನಷ್ಟೇ ಅಳೆದವರು ಮುಂಬದಿಯ ಪುಡಿಯನ್ನು ಗಮನಿಸದೆ ಮೆಚ್ಚುತ್ತಿದ್ದರು. ಎರಡೂ ತಪ್ಪು. ಇನ್ನೊಂದು ಎಚ್ಚರಿಕೆಯೂ ಬೇಕು. ನೌಕೆ ಕ್ರಮೇಣ ಕೆಳಗಿಳಿದದ್ದರಿಂದ ಆಮ್ಲಜನಕದ ದೊಡ್ಡ ಪಾಲು ಬಡಿದದ್ದು ಕೊನೆಯ ಹಂತದಲ್ಲಿ. ಆದ್ದರಿಂದ ಮುಂಬದಿಯ ಬಿಳುಪು ಆರು ವರ್ಷಗಳ ಸ್ಥಿತಿಯಲ್ಲ. ನಡುವೆ ಅದೂ ಕಂದಾಗಿದ್ದು, ಕಡೆಯ ತಿಂಗಳುಗಳಲ್ಲಿ ತೊಳೆದಂತಾಗಿರುವ ಸಾಧ್ಯತೆಯಿದೆ.