ಗಿದ್ಯೋನ

ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ 6ರಿಂದ 8ನೆಯ ಅಧ್ಯಾಯಗಳಲ್ಲಿ ಬರುವ ಇಸ್ರಾಯೇಲ್ಯರ ನಾಯಕ. ಮನಸ್ಸೆ ಕುಲದ ಯೋವಾಷನ ಮಗ. ಅಯೋಗ್ಯರೆನಿಸಿದವರನ್ನೇ ದೇವರು ಆರಿಸಿಕೊಳ್ಳುತ್ತಾನೆ ಎಂಬ ಕ್ರೈಸ್ತ ನಂಬಿಕೆಗೆ ಈತನ ಕಥೆ ಒಂದು ಆಧಾರ. ಸುಲಿಗೆಕೋರ ಮಿದ್ಯಾನ್ಯರ ಕಣ್ಣು ತಪ್ಪಿಸಲು ಕಣ ಬಿಟ್ಟು ದ್ರಾಕ್ಷಿಯ ಆಲೆಯಲ್ಲಿ ಗೋಧಿ ಬಡಿಯುತ್ತಿದ್ದವನನ್ನು ದೇವದೂತ ಪರಾಕ್ರಮಶಾಲಿ ಎಂದು ಕರೆಯುತ್ತಾನೆ. ಗಿದ್ಯೋನನೋ ತನ್ನ ಮನೆತನವೇ ಬಡವಾದದ್ದು, ಅದರಲ್ಲಿ ತಾನೇ ಕಿರಿಯ ಎನ್ನುತ್ತಾನೆ.

ಇದು ಬರೀ ವಿನಯದ ಮಾತು, ಹತ್ತು ಆಳುಗಳಿದ್ದವನು ಬಡವನೇ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಕಥೆಯ ಒತ್ತು ಅವನ ಬಡತನದ ಮೇಲಿಲ್ಲ. ಮಿದ್ಯಾನ್ಯರ ಮೇಲಿನ ಗೆಲುವನ್ನು ಜನ ತಮ್ಮದೇ ಎಂದುಕೊಳ್ಳಬಾರದೆಂದು 32,000 ಮಂದಿಯ ದಂಡು ಮೊದಲು 10,000ಕ್ಕೆ, ಕೊನೆಗೆ 300ಕ್ಕೆ ಇಳಿಯುತ್ತದೆ. ಕೈಯಲ್ಲಿ ಕೊಂಬು, ಬರಿಗೊಡ, ಅದರೊಳಗೆ ಪಂಜು. ಆಯ್ಕೆಗೆ ಕಾರಣ ಅಡಗಿದ್ದ ಯೋಗ್ಯತೆಯೂ ಅಲ್ಲ: ಗೆದ್ದ ಮೇಲೆ ಇವನೇ ಕೊಳ್ಳೆಯ ಚಿನ್ನದಿಂದ ಏಫೋದನ್ನು (ಯಾಜಕರು ತೊಡುವ ಉಡುಪು) ಮಾಡಿಸಿ ಜನರನ್ನು ವಿಗ್ರಹಪೂಜೆಗೆ ಎಳೆದ. ಈ ಕಳಂಕವನ್ನು ಗ್ರಂಥಕರ್ತ ಮುಚ್ಚಿಟ್ಟಿಲ್ಲ. ಆದರೂ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರವು 11ನೆಯ ಅಧ್ಯಾಯದಲ್ಲಿ ಗಿದ್ಯೋನನನ್ನು ವಿಶ್ವಾಸವೀರರ ಸಾಲಿನಲ್ಲಿ ಹೆಸರಿಸುತ್ತದೆ.