ಆಕರಗಳ ಮೇರೆ: ಶಿಲಾತೈಲವಿವಾದವೂ ಕೋಲಾರದ ಗಣಿಗಳೂ

ಭೂಗರ್ಭದಿಂದ ತೆಗೆಯುವ ಶಿಲಾತೈಲದ ಉತ್ಪತ್ತಿಯು ಒಂದು ಪರಮಾವಧಿಯನ್ನು ಮುಟ್ಟಿ, ಅನಂತರ ಇಳಿಮುಖವಾಗುವುದೆಂದು ಅಮೆರಿಕೆಯ ಭೂವಿಜ್ಞಾನಿಯಾದ ಹಬ್ಬರ್ಟನು 1956ರಲ್ಲಿ ಪ್ರತಿಪಾದಿಸಿದನು. ಅವನ ಗಣನೆಗೆ ಅನುಸಾರವಾಗಿ ಆ ದೇಶದ ಉತ್ಪತ್ತಿಯು 1970ರಲ್ಲಿ ಶಿಖರವನ್ನು ಮುಟ್ಟಿ ಇಳಿಯತೊಡಗಿತು. ಆದರೆ ಬಿಗಿಯಾದ ಶಿಲಾಸ್ತರಗಳನ್ನು ನೀರಿನ ಒತ್ತಡದಿಂದ ಸೀಳಿ ತೈಲವನ್ನು ಹೊರಡಿಸುವ ವಿಧಾನವು ಹಬ್ಬಿದ ಮೇಲೆ, 2018ರಲ್ಲಿ ಆ ಶಿಖರವೂ ಮೀರಲ್ಪಟ್ಟಿತು. ನಿಕ್ಷೇಪಕ್ಕೆ ಮೇರೆಯುಂಟೆಂದು ಒಂದು ಪಕ್ಷ. ಮನುಷ್ಯನ ಉಪಾಯವು ಮೇರೆಯನ್ನೇ ದೂರಕ್ಕೆ ತಳ್ಳುವುದೆಂದು ಮತ್ತೊಂದು ಪಕ್ಷ.

ಈ ವಾದವನ್ನು ಒರೆಗೆ ಹಚ್ಚಲು ಕನ್ನಡನಾಡಿನಲ್ಲಿ ತೈಲದ ಬಾವಿಗಳಿಲ್ಲ. ಆದರೆ ಉದಯ, ಶಿಖರ, ಅವಸಾನ ಮೂರನ್ನೂ ಕಂಡ ಆಕರವೊಂದುಂಟು. ಅದು ಕೋಲಾರದ ಚಿನ್ನದ ಗಣಿ. 1802ರಲ್ಲಿ ಆಂಗ್ಲ ಸೈನ್ಯದ ಅಧಿಕಾರಿ ವಾರನ್ ಅಲ್ಲಿಗೆ ಬಂದಾಗ ಊರವರು ಮಣ್ಣನ್ನು ತೊಳೆದು ಚಿನ್ನವನ್ನು ಆಯುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಬಳಿಕ ಆಳವಾದ ಗಣಿಗಾರಿಕೆ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. 1905ರ ಸುಮಾರಿಗೆ ಉತ್ಪತ್ತಿಯು ಶಿಖರಕ್ಕೇರಿತು.

ಇಲ್ಲಿಂದ ಮುಂದಿನದೇ ವಿಚಾರಾರ್ಹವಾದ ಭಾಗ. ಉತ್ಪತ್ತಿ ಇಳಿದಂತೆ ಆಳವು ಹೆಚ್ಚುತ್ತ ಹೋಯಿತು. ಚಾಂಪಿಯನ್ ರೀಫ್ ಗಣಿಯು ಸುಮಾರು 3,200 ಮೀಟರುಗಳಷ್ಟು ಕೆಳಗಿಳಿಯಿತು. ಅಲ್ಲಿನ ಬಂಡೆಯ ಕಾವು ತಾಳಲಶಕ್ಯವಾದುದರಿಂದ ಗಾಳಿಯನ್ನು ತಂಪುಮಾಡಿ ಇಳಿಸಬೇಕಾಯಿತು. ಭಾರಕ್ಕೆ ಬಂಡೆಗಳು ಸಿಡಿದು ಕೆಲಸಗಾರರ ಪ್ರಾಣಕ್ಕೆ ಎರವಾದುವು. ಒಂದು ಟನ್ ಅದಿರಿನಲ್ಲಿ ಮೊದಲು ಹತ್ತಾರು ಗ್ರಾಂ ಇದ್ದ ಚಿನ್ನವು ಕೊನೆಗೆ ಕೆಲವೇ ಗ್ರಾಮಿಗೆ ಇಳಿಯಿತು. ಹಬ್ಬರ್ಟನು ತನ್ನ ಮತವನ್ನು ಮಂಡಿಸಿದ 1956ರಲ್ಲಿಯೇ ಗಣಿಗಳು ಮೈಸೂರು ಸರ್ಕಾರದ ವಶವಾದುವು. 2001ರ ಫೆಬ್ರವರಿ 28ರಂದು ಅವು ಮುಚ್ಚಲ್ಪಟ್ಟುವು. ಆಗಲೂ ನೆಲದೊಳಗೆ ಚಿನ್ನವು ನಿಶ್ಶೇಷವಾಗಿರಲಿಲ್ಲ. ತೆಗೆಯುವ ವೆಚ್ಚವು ಅದರ ಬೆಲೆಯನ್ನು ಮೀರಿದ್ದಿತು.

ಹೀಗಾಗಿ ಎರಡು ಪಕ್ಷಗಳಲ್ಲಿಯೂ ಅರ್ಧ ಸತ್ಯವಿದೆ. ಉಪಾಯವು ಶಿಖರದ ಬಳಿಕವೂ ಗಣಿಯನ್ನು ಸುಮಾರು ಒಂದು ಶತಮಾನ ಬದುಕಿಸಿತು. ಆದರೆ ಇಳುವರಿಯನ್ನು ಮೊದಲಿನ ಮಟ್ಟಕ್ಕೆ ಏರಿಸಲಾರದೆ ಹೋಯಿತು. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ವ್ಯಯದಿಂದಲೂ ಕ್ರಿಯೆಯಿಂದಲೂ ಭಾರವಾದ ಆಕರವನ್ನು ಭಾಗಕ್ಕೋ ಗುತ್ತಿಗೆಗೋ ಕೊಟ್ಟು, ಹಗುರವಾದುದನ್ನು ಅರಸನು ತಾನೇ ನಡೆಸಬೇಕೆಂದು ವಿಧಿಸುತ್ತಾನೆ. ಆಕರವನ್ನು ಅದರೊಳಗಿನ ರಾಶಿಯಿಂದ ಮಾತ್ರವಲ್ಲದೆ, ತೆಗೆಯುವ ಭಾರದಿಂದಲೂ ಅಳೆಯಬೇಕೆಂಬುದು ಇದರ ತಾತ್ಪರ್ಯ.

ಒಂದು ಭೇದವನ್ನು ಮಾತ್ರ ಮರೆಯಲಾಗದು. ಚಿನ್ನದ ಬೆಲೆ ಏರಿದರೆ ಬಿಟ್ಟ ಗಣಿಗೂ ಮರಳಬಹುದು. ಇಂಧನವಾಗಿ ಉರಿಸುವ ತೈಲದ ಸ್ಥಿತಿ ಬೇರೆ: ಅದನ್ನು ಮೇಲೆತ್ತಲು ವ್ಯಯವಾಗುವುದೂ ಶಕ್ತಿಯೇ. ಎತ್ತುವ ಶಕ್ತಿಯು ದೊರೆಯುವ ಶಕ್ತಿಗೆ ಸಮನಾದ ದಿನ, ಎಷ್ಟು ಬೆಲೆ ಏರಿದರೂ ಆ ಬಾವಿಯು ಬರಿದಾದಂತೆಯೇ ಸರಿ.