ಕರಾವಳಿಯ ನಕ್ಷೆ ಮತ್ತು ಒಬ್ಬ ತಂದೆಯ ಪ್ರಶ್ನೆ

ಹೆಬ್ಬಗೋಡಿಯಲ್ಲಿ ಒಂದು ಸಂಜೆ ಮಗ್ರಿಬ್ ನಮಾಝಿನ ಬಳಿಕ ತಂದೆಯೊಬ್ಬರು ನನ್ನನ್ನು ತಡೆದು ಕೇಳಿದರು: “ಹಜರತ್, ಮಗಳಿಗೆ ಮಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಆ ಕಡೆ ಕಳಿಸಬಹುದೇ?” ಕೊಪ್ಪಳ ಜಿಲ್ಲೆಯಿಂದ ಬಂದು ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ದುಡಿಯುವ ಅವರ ಮನಸ್ಸಿನಲ್ಲಿ ಕರ್ನಾಟಕದ ಒಂದು ನಕ್ಷೆಯಿತ್ತು. ಅದರಲ್ಲಿ ಕರಾವಳಿ ಪೂರ್ತಿ ಭಯದ ಸೀಮೆ. ನಮ್ಮಲ್ಲಿ ಅನೇಕರು ಇಂಥದೇ ನಕ್ಷೆಯನ್ನು ಹೊತ್ತು ತಿರುಗುತ್ತೇವೆ. ಆದರೆ ಅದನ್ನು ಬರೆದವರು ಯಾರು, ಯಾವಾಗ ಎಂದು ಕೇಳಿಕೊಂಡವರು ಕಡಿಮೆ.

ತುಳುನಾಡಿನ ಮಣ್ಣಿನಲ್ಲೇ ದ್ವೇಷವಿದೆ ಎನ್ನುವವರಿಗೆ ಇತಿಹಾಸ ಸಾಕ್ಷಿ ನುಡಿಯುವುದಿಲ್ಲ. ಅರಬ್ ವರ್ತಕರ ಹಡಗುಗಳು ತಂಗುತ್ತಿದ್ದ ಆ ತೀರದಲ್ಲಿ ಬ್ಯಾರಿಗಳು ಶತಮಾನಗಳಿಂದ ನೆಲೆಸಿದ್ದಾರೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇಗುಲವನ್ನು ಕಟ್ಟಿಸಿದವನು ಬಪ್ಪ ಬ್ಯಾರಿಯೆಂಬ ಮುಸ್ಲಿಂ ವರ್ತಕ ಎಂಬುದು ಅಲ್ಲಿನ ಐತಿಹ್ಯ. ಊರಿನ ಹೆಸರಿನಲ್ಲೇ ಅವನು ಉಳಿದಿದ್ದಾನೆ.

ಹೊಸ ನಕ್ಷೆಯ ಮೊದಲ ಗೆರೆಗಳನ್ನು 1960ರ ದಶಕದಲ್ಲಿ ಕಾಣುತ್ತೇವೆ. 1968ರಲ್ಲಿ ಉಡುಪಿ ಪುರಸಭೆಯ ಆಡಳಿತ ಜನಸಂಘದ ಕೈಸೇರಿ, ಡಾ. ವಿ.ಎಸ್. ಆಚಾರ್ಯ ಅಧ್ಯಕ್ಷರಾದರು. ಮರುವರ್ಷ ಅದೇ ಉಡುಪಿಯಲ್ಲಿ ನಡೆದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನವು ಅಸ್ಪೃಶ್ಯತೆಯ ವಿರುದ್ಧ ನಿರ್ಣಯ ಕೈಗೊಂಡಿತು. ಇದನ್ನು ನಾವು ಗಮನಿಸುವುದೇ ಇಲ್ಲ. ಆ ಸಂಘಟನೆ ಜನರ ಬಳಿ ಕೇವಲ ದ್ವೇಷ ಹೊತ್ತು ಹೋಗಲಿಲ್ಲ. ‘ನೀವೆಲ್ಲರೂ ಒಂದೇ’ ಎಂಬ ಮಾತನ್ನೂ ಕೊಂಡೊಯ್ದಿತು. ಆ ‘ಒಂದೇ’ ಎಂಬುದರ ಹೊರಗೆ ಉಳಿದವರು ನಾವು ಮತ್ತು ಕ್ರೈಸ್ತರು.

1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಿಲ್ಲೆಯ ಅಸಂಖ್ಯ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಹಳೆಯ ಧಣಿ–ಒಕ್ಕಲು ಸಂಬಂಧ ಸಡಿಲವಾಯಿತು. ಅದೇ ಕಾಲದಲ್ಲಿ ಗಲ್ಫ್ ದುಡಿಮೆಯಿಂದ ಬ್ಯಾರಿಗಳ ಮನೆ, ಅಂಗಡಿ, ಶಾಲೆಗಳು ಎದ್ದವು. ಪೇಟೆಯಲ್ಲಿ ಪೈಪೋಟಿ ಹುಟ್ಟಿತು. ವ್ಯಾಪಾರದ ಪೈಪೋಟಿಗೆ ಧರ್ಮದ ಹೆಸರಿಡುವುದು ಸುಲಭ. ಹೆಸರಿಡಲು ಸಂಘಟನೆ ಸಿದ್ಧವಿತ್ತು ಎಂಬುದು ನನ್ನ ತಿಳಿವಳಿಕೆ. 1991ರಿಂದ ಮಂಗಳೂರಿನ ಲೋಕಸಭಾ ಸ್ಥಾನ ಬಿಜೆಪಿಯ ಕೈಯಲ್ಲೇ ಇದೆ. 2008ರಲ್ಲಿ ಚರ್ಚುಗಳ ಮೇಲೆ ದಾಳಿ, 2009ರಲ್ಲಿ ಪಬ್‌ನಲ್ಲಿದ್ದ ಯುವತಿಯರ ಮೇಲೆ ಹಲ್ಲೆ, 2022ರ ಆರಂಭಕ್ಕೆ ಉಡುಪಿಯಲ್ಲಿ ಹಿಜಾಬಿನ ವಿವಾದ. ಅದೇ ವರ್ಷ ಮಾರ್ಚ್‌ನಲ್ಲಿ ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡುವ ಫಲಕಗಳು ಎದ್ದವು; ಬಪ್ಪನಾಡಿನಲ್ಲೂ! ಅದಕ್ಕೆ ಆಧಾರವಾಗಿ ಸರ್ಕಾರ ತೋರಿಸಿದ್ದು 2002ರ ಧಾರ್ಮಿಕ ದತ್ತಿ ನಿಯಮವನ್ನು. ಆ ನಿಯಮ ಬಂದದ್ದು ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಎಂಬುದನ್ನು ನಮ್ಮವರು ಸಭೆಗಳಲ್ಲಿ ಹೇಳುವುದು ಅಪರೂಪ.

ನಮ್ಮ ಕಡೆಯ ಮಾತನ್ನೂ ಮುಚ್ಚಿಡಬಾರದು. 2022ರ ಸೆಪ್ಟೆಂಬರ್‌ನಲ್ಲಿ ನಿಷೇಧಕ್ಕೊಳಗಾದ ಪಿಎಫ್‌ಐ ಸಂಘಟನೆಗೂ ರಾಜ್ಯದಲ್ಲಿ ಗಟ್ಟಿ ನೆಲೆಯಿದ್ದದ್ದು ಇದೇ ಕರಾವಳಿಯಲ್ಲಿ. ಕೋಪಕ್ಕೆ ಕೋಪವೇ ಉತ್ತರವೆಂದು ನಂಬಿದ ನಮ್ಮ ಕೆಲವು ಯುವಕರು ಆ ನಕ್ಷೆಯ ಗೆರೆಗಳನ್ನು ಇನ್ನಷ್ಟು ದಪ್ಪಗೊಳಿಸಿದರು.

ಆದರೂ ಗೆರೆಗಳು ಕಲ್ಲಿನ ಮೇಲಿನವಲ್ಲ. ದಕ್ಷಿಣ ಕನ್ನಡದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ 2013ರಲ್ಲಿ ಕಾಂಗ್ರೆಸ್ ಏಳನ್ನು ಗೆದ್ದಿತು. 2018ರಲ್ಲಿ ಬಿಜೆಪಿ ಏಳನ್ನು ಗೆದ್ದಿತು. ಬಾಬಾಬುಡನ್‌ಗಿರಿಯ ವಿವಾದ ವರ್ಷವರ್ಷವೂ ಕಾವೇರುತ್ತಿದ್ದ ಚಿಕ್ಕಮಗಳೂರು ಜಿಲ್ಲೆಯಲ್ಲಿ 2023ರಲ್ಲಿ ಐದಕ್ಕೆ ಐದೂ ಕಾಂಗ್ರೆಸ್ ಪಾಲಾದವು. ಮತ ಹಾಕಿದವರೆಲ್ಲ ದ್ವೇಷಿಗಳಲ್ಲ, ಮತ ಬದಲಾದೊಡನೆ ಬೀದಿಯ ಗುಂಪುಗಳು ಕರಗುವುದೂ ಇಲ್ಲ. ಮತದ ನಕ್ಷೆ ಬೇರೆ, ಭಯದ ನಕ್ಷೆ ಬೇರೆ. ನಮ್ಮ ಆನೇಕಲ್ ಕ್ಷೇತ್ರವೂ 2008ರವರೆಗೆ ಬಿಜೆಪಿಯ ನಾರಾಯಣಸ್ವಾಮಿಯವರನ್ನು ಆರಿಸಿ, 2013ರಿಂದ ಕಾಂಗ್ರೆಸ್ಸಿನ ಶಿವಣ್ಣನವರನ್ನು ಆರಿಸುತ್ತಿದೆ. ಈ ನಡುವೆ ಹೆಬ್ಬಗೋಡಿಯ ಓಣಿಗಳಲ್ಲಿ ನಾವು ಬೇರೆ ಮನುಷ್ಯರಾದೆವೇ?

ಆ ತಂದೆಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಹಾಸ್ಟೆಲಿನಲ್ಲಿ ಯಾರಿದ್ದಾರೆ, ಕಾಲೇಜಿನಲ್ಲಿ ತಲೆವಸ್ತ್ರದ ನಿಯಮವೇನು, ಸಮೀಪದಲ್ಲಿ ಪರಿಚಿತರ ಮನೆಯಿದೆಯೇ ಎಂದು ಸ್ವತಃ ನೋಡಿ ಬನ್ನಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗಳನ್ನೂ ಕರೆದೊಯ್ಯುತ್ತೇನೆ, ಓದುವವಳು ಅವಳು ತಾನೇ” ಎಂದರು. ಶನಿವಾರ ರಾತ್ರಿಯ ಬಸ್ಸಿಗೆ ಇಬ್ಬರಿಗೂ ಟಿಕೆಟ್ ಮಾಡಿಸಿದ್ದಾರೆ.